ಆರನೆಯ ತಿಂಗಳ ಭೇಟಿ: ಕೂಸಿಗಿಂತ ಮೊದಲು ಬಾಣಂತಿಯನ್ನು ವಿಚಾರಿಸಿದ ನನ್ನ ಅನುಭವ

ತಾಲ್ಲೂಕು ಕೇಂದ್ರದ ನನ್ನ ಕ್ಲಿನಿಕ್ಕಿಗೆ ತೂಕ ಏರದ, ಮುಖ ನೋಡಿ ನಗದ, ಹೆಸರು ಕರೆದರೆ ತಿರುಗದ ಕೂಸುಗಳು ಬಂದಾಗ ನಾನೂ ಇತರ ಮಕ್ಕಳ ವೈದ್ಯರಂತೆ ರಕ್ತ, ಥೈರಾಯ್ಡ್, ಶ್ರವಣ ಪರೀಕ್ಷೆಗಳನ್ನೇ ಬರೆಯುತ್ತಿದ್ದೆ. ವರದಿಗಳೆಲ್ಲ ಸರಿಯಿದ್ದರೂ ಕೆಲವು ಕೂಸುಗಳು ಹಾಗೆಯೇ ಉಳಿಯುತ್ತಿದ್ದವು. ಎದುರಿಗೆ ಕುಳಿತ ತಾಯಿಯ ಖಿನ್ನತೆಯನ್ನೂ ವಿಚಾರಿಸತೊಡಗಿದಾಗ, ಅದು ಮಕ್ಕಳ ವೈದ್ಯರ ಕೆಲಸವಲ್ಲವೆಂದು ಸಹೋದ್ಯೋಗಿಗಳು ಹೇಳಿದರು.

ಮೊದಲ ವರ್ಷ, ಬಾಣಂತಿಯರ ಖಿನ್ನತೆಯನ್ನು ಗುರುತಿಸುವ ಎಡಿನ್‌ಬರೋ ಮಾಪಕದ ಹತ್ತು ಪ್ರಶ್ನೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಹದಿನಾಲ್ಕನೆಯ ವಾರದ ಲಸಿಕೆಯ ದಿನ ಕೊಟ್ಟೆ. ಸುಮಾರು 6 ಸಾವಿರ ರೂಪಾಯಿ ಖರ್ಚಾಯಿತು, ಫಲ ಸಿಗಲಿಲ್ಲ. ಹಿರಿಯರು ಪಕ್ಕದಲ್ಲಿರುವಾಗ ಯಾವ ಬಾಣಂತಿ ತಾನೇ ತನಗೆ ಅಳು ಬರುತ್ತದೆಂದು ಬರೆದಾಳು? ಅದಕ್ಕಿಂತ ದೊಡ್ಡ ತಪ್ಪು ಸಮಯದ್ದಾಗಿತ್ತು. ಚೊಚ್ಚಲ ಬಾಣಂತಿಯರು ಆಗ ಇನ್ನೂ ತವರಿನಲ್ಲಿರುತ್ತಾರೆ. ಐದನೆಯ ತಿಂಗಳಲ್ಲಿ ಗಂಡನ ಮನೆಗೆ ಮರಳಿದ ಮೇಲೆ ನಿದ್ದೆಯೂ ನೆರವೂ ತಪ್ಪಿ ಹಲವರು ಕುಸಿಯುತ್ತಾರೆ, ಒಂಬತ್ತನೆಯ ತಿಂಗಳ ದಡಾರ ಲಸಿಕೆಯವರೆಗೆ ಅವರು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಮೇಲಾಹಾರದ ಸಲಹೆಯ ಹೆಸರಿನಲ್ಲಿ ಆರನೆಯ ತಿಂಗಳಿಗೆ ಶುಲ್ಕವಿಲ್ಲದ ಭೇಟಿಯೊಂದನ್ನು ಇಟ್ಟೆ. ವರ್ಷಕ್ಕೆ 40 ಸಾವಿರದಷ್ಟು ಆದಾಯ ಹೋಯಿತು. ಅಜ್ಜಿ ಕೂಸನ್ನು ತೂಗಿಸಲು ಹೋದಾಗ ನಮ್ಮ ನರ್ಸ್ ತಾಯಿಯೊಬ್ಬಳನ್ನೇ ಮಾತಾಡಿಸುತ್ತಾರೆ. ಅವರು ಮಾತು ಆರಂಭಿಸುವ ವಾಕ್ಯವನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರು ವರ್ಷಗಟ್ಟಲೆ ದುಡಿದು ಕಂಡುಕೊಂಡದ್ದು.

ಮೂರು ವರ್ಷದಲ್ಲಿ 400ರಷ್ಟು ತಾಯಂದಿರನ್ನು ಕೇಳಿದ್ದೇವೆ. 60ರಷ್ಟು ಮಂದಿಗೆ ಅದೇ ಮಾಪಕದಲ್ಲಿ 13 ಅಥವಾ ಹೆಚ್ಚು ಅಂಕ, ಅಂದರೆ ಖಿನ್ನತೆಯಿರಬಹುದೆಂದು ಸೂಚಿಸುವಷ್ಟು, ಬಂದಿತ್ತು. ತನಗೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬ ಹತ್ತನೆಯ ಪ್ರಶ್ನೆಗೆ ಹೌದೆಂದವರನ್ನು ಅದೇ ದಿನ ಮನೋವೈದ್ಯರ ಬಳಿಗೆ ಕಳುಹಿಸಿದೆವು. ಇಬ್ಬರು ನಿಮ್ಹಾನ್ಸ್‌ನ ತಾಯಿ–ಮಗು ಘಟಕದಲ್ಲಿ ಕೂಸಿನೊಂದಿಗೇ ದಾಖಲಾದರು.

ಉಳಿದವರಿಗೆ ಆಟ, ಮಾತು, ಹಾಡು ಕಲಿಸಲು ಹೋಗಿ 8 ಸಾವಿರದ ಆಟಿಕೆ ಕೊಂಡದ್ದು ನನ್ನ ಇನ್ನೊಂದು ಸೋಲು. ಇರುಳೆಲ್ಲ ನಿದ್ದೆಯಿಲ್ಲದವಳಿಗೆ ಆಟ ಕಲಿಸುವುದೆಂದರೆ ಮತ್ತೊಂದು ಹೊರೆ ಹೊರಿಸಿದಂತೆ. ಮೊದಲು ಅವಳಿಗೆ ಚಿಕಿತ್ಸೆ, ರಾತ್ರಿ ಕೂಸನ್ನು ಎತ್ತಿಕೊಳ್ಳುವ ಇನ್ನೊಂದು ಕೈ, ಆಮೇಲೆ ಆಟ ಎಂದು ಕ್ರಮ ಬದಲಿಸಿದ ಮೇಲೆಯೇ ಕೆಲಸ ಕೈಗೂಡಿತು. ಮಾತ್ರೆಯ ಭಯಕ್ಕೆ ಎದೆಹಾಲು ಬಿಡಿಸಲು ಹೊರಟ ಮನೆಯವರಿಗೆ, ಖಿನ್ನತೆಯ ಮಾತ್ರೆಯಾದ ಸರ್ಟ್ರಲಿನ್ ಹಾಲಿಗೆ ಸೇರುವುದು ಅತ್ಯಲ್ಪವೆಂದು ಪದೇ ಪದೇ ಹೇಳಬೇಕಾಯಿತು.

ಮೊಬೈಲಿನಲ್ಲಿ ತಾಯಿ–ಕೂಸಿನ ಎರಡು ನಿಮಿಷದ ವಿಡಿಯೊ ತೆಗೆದು, ಕೂಸು ಅವಳನ್ನೇ ಹುಡುಕಿ ನೋಡಿದ ಹತ್ತು ಸೆಕೆಂಡನ್ನು ಮಾತ್ರ ತೋರಿಸುವುದು ನನ್ನದೇ ಪ್ರಯೋಗ. ಒಂಬತ್ತು ತಿಂಗಳಾದರೂ ದನಿಯೆತ್ತದಿದ್ದ ಮಗುವಿನ ತಾಯಿ ಅದನ್ನು ನೋಡಿ, ‘ಇದು ನನ್ನ ಗುರುತು ಹಿಡೀತದಾ ಡಾಕ್ಟ್ರೇ?’ ಎಂದು ಕೇಳಿದ್ದಳು. ಅವಳ ಚಿಕಿತ್ಸೆ ಶುರುವಾಗಿ ಮೂರು ತಿಂಗಳಿಗೆ ಮಗು ‘ಬಬ, ದದ’ ಎನ್ನತೊಡಗಿತು. ಅಂದು ಸಂದೇಹಪಟ್ಟ ಸಹೋದ್ಯೋಗಿಗಳಲ್ಲಿ ಇಬ್ಬರು ಈಗ ತಮ್ಮಲ್ಲಿಗೆ ಬರುವ ಬಾಣಂತಿಯರನ್ನು ನನ್ನ ನರ್ಸ್ ಬಳಿಗೆ ಕಳುಹಿಸುತ್ತಾರೆ. ಕಳೆದ ವರ್ಷದಿಂದ ತಂದೆಯಂದಿರನ್ನೂ ಕೇಳುತ್ತಿದ್ದೇನೆ. ಬಂದ 40 ಮಂದಿಯಲ್ಲಿ ಐದಾರು ಜನ ಅಲ್ಲಿಯೇ ಅತ್ತರು.