ಉತ್ತರ ಹೇಳುವ ಮೊದಲು ಊಹೆ ಕೇಳಿ

ಮಗು 'ಯಾಕೆ' ಅಂತ ಕೇಳಿದ ಕೂಡಲೇ ಉತ್ತರ ಹೇಳಿಬಿಡುತ್ತೇವೆ, ಅಲ್ವಾ? ಒಂದು ಸಲ ತಡೆದು, 'ನಿನಗೇನು ಅನಿಸುತ್ತದೆ?' ಅಂತ ಕೇಳಿ ನೋಡಿ. ಆಮೇಲೆ ಇಬ್ಬರೂ ಸೇರಿ ಪರೀಕ್ಷಿಸಿ.

ಇಂಥ ಪರೀಕ್ಷೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಲೋಲಕ, ಅಂದರೆ ದಾರಕ್ಕೆ ಕಟ್ಟಿ ತೂಗಾಡಿಸುವ ಭಾರ. ಒಂದು ದಾರ, ತುದಿಗೆ ಕಟ್ಟಲು ಒಂದು ಬೀಗ, ಮೊಬೈಲಿನ ಸ್ಟಾಪ್‌ವಾಚ್, ಇಷ್ಟು ಸಾಕು. ದಾರದ ಇನ್ನೊಂದು ತುದಿಯನ್ನು ಮೇಲೆ ಗಟ್ಟಿಯಾಗಿ ಕಟ್ಟಿ, ಆ ಗಂಟಿನಿಂದ ಬೀಗದ ನಡುವಿನ ತನಕ 1 ಮೀಟರ್ ಇರಲಿ. ಸ್ವಲ್ಪವೇ ಎಳೆದು ಬಿಡಿ. ಹೋಗಿ ಬಂದರೆ ಒಂದು ಎಣಿಕೆ. ಒಂದನ್ನೇ ಅಳೆಯಬೇಡಿ, ಕೈ ತಡವಾಗಿ ತಪ್ಪು ಜಾಸ್ತಿ ಬರುತ್ತದೆ. 10 ಎಣಿಸಿ, ಸುಮಾರು 20 ಸೆಕೆಂಡ್ ಆಗುತ್ತದೆ.

ಈಗ ಕೇಳಿ: 'ಭಾರ ಹೆಚ್ಚಿಸಿದರೆ?' ಹೆಚ್ಚಿನ ಮಕ್ಕಳು ಬೇಗ ತೂಗುತ್ತದೆ ಅನ್ನುತ್ತಾರೆ. ಅದನ್ನು ಪುಸ್ತಕದಲ್ಲಿ ಬರೆಸಿ, ಆಮೇಲೆ ಮಾಡಿಸಿ. ಸಮಯ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ! ಆ ಕ್ಷಣ ಮಗುವಿನ ಮುಖ ನೋಡಬೇಕು. ಆದರೆ ಭಾರ ಬದಲಿಸುವಾಗ ದಾರದ ಉದ್ದ ಬದಲಾಗಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ, ಇದನ್ನು ಮಾತ್ರ ಬಿಡಬೇಡಿ.

ನಂತರ ದಾರವನ್ನು 25 ಸೆಂಟಿಮೀಟರಿಗೆ ಇಳಿಸಿ. ಉದ್ದ ಕಾಲು ಭಾಗವಾದರೂ ಸಮಯ ಅರ್ಧವಾಗುತ್ತದೆ, ಅಂದರೆ 10ಕ್ಕೆ ಸುಮಾರು 10 ಸೆಕೆಂಡ್. ಯಾಕೆ ಅಂತ ಸಣ್ಣ ಮಕ್ಕಳಿಗೆ ಆಗಲೇ ವಿವರಿಸಬೇಕಿಲ್ಲ.

ಊಹೆ ತಪ್ಪಾದರೆ ದಯವಿಟ್ಟು ನಗಬೇಡಿ. 'ಓ, ಹೀಗಾಯ್ತಲ್ಲ! ಇನ್ನೊಮ್ಮೆ ನೋಡೋಣವಾ?' ಅನ್ನಿ. ಮಗುವೇ ಮತ್ತೆ ದಾರ ಕಟ್ಟಲು ಓಡುತ್ತದೆ.