ಐದು ಅಡಿ ಕಬ್ಬಿನ ಸಾಲಿಗೆ ಮಿನಿ ಟ್ರ್ಯಾಕ್ಟರ್: ನನ್ನ ಅನುಭವ

ನಮ್ಮೂರು ಪಾಂಡವಪುರದ ಹತ್ತಿರ. ಮೂರೂವರೆ ಎಕರೆ ಜಮೀನು. ಎರಡು ಎಕರೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಗದ್ದೆ. ಉಳಿದದ್ದು ಮೇಲುಗಡೆಯ ಕೆಮ್ಮಣ್ಣು, ಅದರಲ್ಲಿ ಒಂದು ಅರವತ್ತು ತೆಂಗು, ಒಂದಿಷ್ಟು ಹಿಪ್ಪುನೇರಳೆ. 2024ರ ಶುರುವಿನಲ್ಲಿ ಮಿನಿ ಟ್ರ್ಯಾಕ್ಟರ್ ತಂದು ಮನೆ ಮುಂದೆ ನಿಲ್ಲಿಸಿದೆ. ದೊಡ್ಡಪ್ಪ ಸುತ್ತ ಒಂದು ಸಲ ತಿರುಗಿ ನೋಡಿ, "ಏನ್ಲಾ ಇದು, ಜಾತ್ರೇಲಿ ಕೊಂಡ್ಕಂಡ್ ಬಂದ್ಯಾ?" ಅಂದರು. ಈಗ ಅವರ ತೆಂಗಿನ ತೋಟಕ್ಕೂ ಅದೇ ಹೋಗುತ್ತದೆ.

ತಂದದ್ದು 24 ಎಚ್‌ಪಿಯದು, ಫೋರ್ ವೀಲ್ (ನಾಲ್ಕೂ ಚಕ್ರ ಎಳೆಯುವಂಥದ್ದು), ಸೆಕೆಂಡ್ ಹ್ಯಾಂಡ್. ಹಿಂದಿನ ವರ್ಷ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬಿರಲಿಲ್ಲ. ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಅನ್ನುವ ಪರಿಸ್ಥಿತಿ. ಕಂತು ಕಟ್ಟಲಾಗದೆ ಗಾಡಿ ಮಾರುವವರು ಜಾಸ್ತಿ ಇದ್ದರು. ಹೊಸದಾದರೆ ಐದೂಮುಕ್ಕಾಲು ಲಕ್ಷದ ಆಸುಪಾಸು ಹೇಳುತ್ತಿದ್ದರು. ನನಗೆ ಮೂರು ಲಕ್ಷ ನಲವತ್ತು ಸಾವಿರಕ್ಕೆ ಸಿಕ್ಕಿತು. ಬೇರೆಯವರ ಕಷ್ಟದಲ್ಲಿ ಕೊಂಡೆ ಅನ್ನುವ ಮುಜುಗರ ಈಗಲೂ ಇದೆ.

ಕೊಳ್ಳುವ ಮುಂಚೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಏನೇನು ಬೇಕು ಅಂತ ಬರೆದಿದ್ದೆ. ಫೋರ್ ವೀಲ್, ಪವರ್ ಸ್ಟೀರಿಂಗ್, ಡಬಲ್ ಕ್ಲಚ್, ಎರಡು ಸ್ಪೀಡಿನ ಪಿಟಿಒ (ಹಿಂದೆ ಕಟ್ಟಿದ ಉಪಕರಣವನ್ನು ಇಂಜಿನ್ ಬಲದಿಂದ ತಿರುಗಿಸುವ ಶಾಫ್ಟು), ಸಾವಿರ ಕೆಜಿ ಎತ್ತುವ ಲಿಫ್ಟ್, ಟ್ರೈಲರ್. ಎಲ್ಲವೂ ಬೇಕು ಅಂದರೆ ನಮ್ಮ ಜೇಬಿಗೆ ಆಗುವ ಮಾತಲ್ಲ. ಟ್ರೈಲರ್ ಮೊದಲು ಹೊಡೆದು ಹಾಕಿದೆ. ಕಬ್ಬು ಸಾಗಿಸೋಕೆ ಊರಲ್ಲಿ ದೊಡ್ಡ ಟ್ರ್ಯಾಕ್ಟರ್ ಬೇಕಾದಷ್ಟಿವೆ. ಲಿಫ್ಟ್ 750 ಕೆಜಿಗೆ ಇಳಿಸಿದೆ. ಮೂರೂವರೆ ಅಡಿ ರೋಟವೇಟರ್‌ಗೆ (ತಿರುಗುವ ಬ್ಲೇಡುಗಳಿಂದ ಮಣ್ಣು ಪುಡಿ ಮಾಡುವ ಉಪಕರಣ) ಅದು ಧಾರಾಳ.

ಫೋರ್ ವೀಲ್ ಮಾತ್ರ ಬಿಡಲಿಲ್ಲ. ನಮ್ಮ ಬಾವನ ಹತ್ತಿರ ಟೂ ವೀಲ್ ಮಿನಿ ಇತ್ತು. ನೀರು ಕಟ್ಟಿದ ಗದ್ದೆಗೆ ಇಳಿದರೆ ಹಿಂದಿನ ಚಕ್ರ ನಿಂತಲ್ಲೇ ಸುತ್ತುತ್ತಿತ್ತು. ಹಗುರ ಗಾಡಿ, ಇನ್ನೇನಾಗುತ್ತದೆ? ಅವರು ಟೈರಿಗೆ ನೀರು ತುಂಬಿಸಿ ನೋಡಿದರು, ಒಂದೊಂದಕ್ಕೆ ನಾಲ್ಕು ಕೊಡ. ಒಣ ಹೊಲದಲ್ಲಿ ಚೆನ್ನಾಗಿ ಎಳೆಯಿತು. ಕೆಸರಲ್ಲಿ ಇನ್ನೂ ಆಳಕ್ಕೆ ಕೂತಿತು.

ಪವರ್ ಸ್ಟೀರಿಂಗ್ ಬೇಡ ಅಂತಲೇ ಇದ್ದೆ. ಅದು ಇಲ್ಲದ ಗಾಡಿ ನಲವತ್ತು ಸಾವಿರ ಕಮ್ಮಿಗೆ ಸಿಗುತ್ತಿತ್ತು. ಮಾರುವವರ ಹೊಲದಲ್ಲೇ ಎರಡು ಗಂಟೆ ಓಡಿಸಿದೆ. ಮಾರನೇ ದಿನ ಭುಜ ಎತ್ತೋಕಾಗಲಿಲ್ಲ. ಲೆಕ್ಕ ಹಾಕಿ ನೋಡಿ: ನೂರಮೂವತ್ತು ಅಡಿ ಉದ್ದದ ಸಾಲಾದರೆ, ಐದು ಅಡಿ ಅಂತರದಲ್ಲಿ ಎಕರೆಗೆ ಅರವತ್ತೈದಕ್ಕೂ ಹೆಚ್ಚು ಸಾಲು. ಅಷ್ಟೂ ಸಲ ತೆವರಿ (ಬದು) ಹತ್ತಿರ ತಿರುಗಿಸಬೇಕು. ದೊಡ್ಡ ಹಿಡುವಳಿಯವರಿಗೆ ಇದು ಗೊತ್ತಾಗೋದಿಲ್ಲ. ಚಿಕ್ಕ ಗದ್ದೆಯವನಿಗೇ ಪವರ್ ಸ್ಟೀರಿಂಗ್ ಬೇಕು.

ಡಬಲ್ ಕ್ಲಚ್ ಬಿಟ್ಟದ್ದಕ್ಕೆ ಮಾತ್ರ ದಂಡ ಕಟ್ಟಿದೆ. ಸಿಂಗಲ್ ಕ್ಲಚ್‌ನಲ್ಲಿ ಪೆಡಲ್ ಒತ್ತಿದರೆ ಗಾಡಿಯ ಜೊತೆ ರೋಟವೇಟರೂ ನಿಲ್ಲುತ್ತದೆ. ಮಣ್ಣೊಳಗೆ ನಿಂತದ್ದನ್ನು ಮತ್ತೆ ತಿರುಗಿಸೋಕೆ ಹೋಗಿ ಇಂಜಿನ್ ಆಫ್ ಆಗುತ್ತಿತ್ತು. ನಾನು ಅರ್ಧ ಕ್ಲಚ್‌ನಲ್ಲೇ ಎಳೆಯುತ್ತಾ ಹೋದೆ. ಎರಡನೇ ತಿಂಗಳಿಗೆ ಸುಟ್ಟ ವಾಸನೆ. ಪ್ಲೇಟು, ಕೂಲಿ ಸೇರಿ ಒಂಬತ್ತು ಸಾವಿರ ಹೋಯಿತು. ಈಗ ಮೊದಲು ರೋಟವೇಟರ್ ಎತ್ತುತ್ತೇನೆ, ಆಮೇಲೆ ಕ್ಲಚ್. ಆ ಪ್ಲೇಟು ಇನ್ನೂ ಗಟ್ಟಿಯಾಗಿದೆ.

ಹಳೇ ಗಾಡಿ ನೋಡೋಕೆ ಹೋಗುವವರಿಗೆ ಒಂದು ಮಾತು. ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ನಂಬಬೇಡಿ, ಬ್ರೇಕ್ ಪೆಡಲಿನ ರಬ್ಬರ್ ನೋಡಿ. ರೋಟವೇಟರ್ ಎತ್ತಿಸಿ, ಇಂಜಿನ್ ಆಫ್ ಮಾಡಿಸಿ, ಟೀ ಕುಡಿಯೋಕೆ ಹೋಗಿ. ಬರುವಷ್ಟರಲ್ಲಿ ಬ್ಲೇಡು ನೆಲ ಮುಟ್ಟಿದ್ದರೆ ಹೈಡ್ರಾಲಿಕ್‌ಗೆ ದುಡ್ಡು ಎತ್ತಿಡಬೇಕು. ನನ್ನದು ಟೀ ಮುಗಿಯುವಷ್ಟರಲ್ಲಿ ನಾಲ್ಕು ಬೆರಳು ಇಳಿದಿತ್ತು. ಅದನ್ನೇ ತೋರಿಸಿ ಹದಿನೈದು ಸಾವಿರ ಇಳಿಸಿದೆ. ಸೀಲ್ ಹಾಕಿಸೋಕೆ ಆಗಿದ್ದು ಎರಡು ಚಿಲ್ಲರೆ ಸಾವಿರ! ಆದರೆ ಮಾರಿದವರು ಗಾಡಿ ಮೇಲಿನ ಸಾಲ ತೀರಿದೆ ಅನ್ನುವ ಪತ್ರ (ಎನ್‌ಒಸಿ) ಕೊಡೋಕೆ ಎರಡು ತಿಂಗಳು ಅಲೆದಾಡಿಸಿದರು. ಅಲ್ಲಿಗೆ ಲೆಕ್ಕ ಚುಕ್ತಾ.

ನನ್ನ ದಡ್ಡತನವನ್ನೂ ಹೇಳಿಬಿಡುತ್ತೇನೆ. ಗಾಡಿಯ ಅಗಲ ಕಮ್ಮಿ ಮಾಡೋಕೆ ಹಿಂದಿನ ಚಕ್ರಗಳನ್ನು ಬಿಚ್ಚಿ, ಒಳಮೈ ಹೊರಮೈ ಮಾಡಿ, ಅದೇ ಕಡೆಗೆ ಹಾಕಿದೆ. ಹೊರಗಿಂದ ಹೊರಗೆ ಮೂರು ಅಡಿ ಮೂರಿಂಚಿಗೆ ಬಂತು, ಖುಷಿಯಾಯಿತು. ಗದ್ದೆಗೆ ಇಳಿಸಿದರೆ ಫೋರ್ ವೀಲ್ ಇದ್ದರೂ ಜಾರುತ್ತಿದೆ. ಟೈರಿನ ಹಲ್ಲುಗಳ ನಡುವೆ ಮಣ್ಣು ಮೆತ್ತಿಕೊಂಡು ಟೈರು ಬೋಳಾಗಿ ಕಾಣುತ್ತಿತ್ತು. ಅರ್ಧ ದಿನ ಗೇರ್ ಬಾಕ್ಸ್ ಬೈದೆ. ಕೊನೆಗೆ ನಮ್ಮ ಹುಡುಗ, ಒಂಬತ್ತನೇ ಕ್ಲಾಸು, "ಅಪ್ಪಾ, ಟೈರಿನ ಬಾಣ ಹಿಂದಕ್ಕಿದೆ" ಅಂದ. ತಿರುಗಿಸಿದ ಚಕ್ರವನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಬೇಕಿತ್ತು. ಇನ್ನೊಂದು, ಟಾರ್ ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡೇ ಓಡಿಸಿ ಮುಂದಿನ ಎರಡು ಟೈರು ಸವೆಸಿದೆ. ಅದಕ್ಕೆ ಹತ್ತು ಸಾವಿರ.

ಇನ್ನು ಕಬ್ಬು. ಈ ಯೋಚನೆ ಹುಟ್ಟಿದ್ದು ಹಿಪ್ಪುನೇರಳೆಯಿಂದ. ನಮ್ಮ ಕಡೆ ರೇಷ್ಮೆಯವರಿಗೆಲ್ಲ ಜೋಡಿ ಸಾಲು ಗೊತ್ತು, ಐದು ಅಡಿ, ಮೂರು ಅಡಿ, ಗಿಡದಿಂದ ಗಿಡಕ್ಕೆ ಎರಡು. ಆ ಐದು ಅಡಿಯಲ್ಲಿ ಗಾಡಿ ಸಲೀಸಾಗಿ ಹೋಗುತ್ತಿತ್ತು. ಕಬ್ಬಿನಲ್ಲೂ ಯಾಕಾಗಬಾರದು ಅಂತ ಬೋರ್‌ವೆಲ್ ನೀರಲ್ಲಿ ಅರ್ಧ ಎಕರೆ ಹಾಕಿದೆ. ಆದರೆ ಜಾಗ ಹಾಳಾಗುತ್ತದೆ ಅಂತ ಜಿಪುಣತನ ಮಾಡಿ ನಾಲ್ಕು ಅಡಿಗೇ ನಿಲ್ಲಿಸಿದೆ. ಮೂರೂವರೆ ಅಡಿ ರೋಟವೇಟರ್, ಅಕ್ಕಪಕ್ಕ ಉಳಿದದ್ದು ಮೂರು ಮೂರು ಇಂಚು. ಸ್ಟೀರಿಂಗ್ ಸ್ವಲ್ಪ ಅಲುಗಿದರೂ ಮರಿ ಕಬ್ಬು ಕತ್ತರಿಸಿ ಬೀಳುತ್ತಿತ್ತು. ಕಾಲು ಭಾಗ ನಾನೇ ಕೈಯಾರೆ ಕೊಂದೆ. ಊರವರು ನಗೋದು ಬಿಟ್ಟು ಇನ್ನೇನು ಮಾಡುತ್ತಾರೆ?

2024ರ ಜುಲೈನಲ್ಲಿ ಕಟ್ಟೆ ತುಂಬಿತು. ನಾಲೆಗೆ ನೀರು ಬಂದ ಮೇಲೆ ಒಂದೂವರೆ ಎಕರೆಗೆ ಐದು ಅಡಿ ಸಾಲು ಎಳೆಸಿದೆ. "ಅರ್ಧ ಗದ್ದೆ ಬೀಳು ಬಿಟ್ಟವ್ನೆ" ಅಂತ ಸುದ್ದಿಯಾಯಿತು. ಮೊದಲ ಎರಡು ತಿಂಗಳು ನಡುವೆ ಅಲಸಂದೆ ಹಾಕಿದ್ದೆ, ಮನೆಗಾಗಿ ಮಿಕ್ಕದ್ದು ಸಂತೆಗೆ ಹೋಯಿತು. ಆಮೇಲೆ ರೋಟವೇಟರ್ ಮೂರು ಸಲ. ರೋಟವೇಟರ್‌ನ ಅಂಚಿನ ಬ್ಲೇಡುಗಳಲ್ಲಿ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ, ಮಣ್ಣು ತಾನಾಗೇ ಬುಡಕ್ಕೆ ಏರುತ್ತದೆ. ಎಷ್ಟು ಬ್ಲೇಡು, ಯಾವ ಕಡೆಗೆ ಅನ್ನೋದು ನನ್ನಲ್ಲೇ ಇರಲಿ. ಅದಕ್ಕೆ ಒಂದು ಕಾರ್ತಿಕ ಪೂರ್ತಿ ಕಳೆದಿದ್ದೇನೆ.

ಆಲೆಮನೆಗೆ ಹೋದದ್ದು ಎಕರೆಗೆ ಸುಮಾರು ನಲವತ್ತೇಳು ಟನ್. ಅದೇ ಗದ್ದೆಯಲ್ಲಿ ಮೂರು ಅಡಿ ಸಾಲಿದ್ದಾಗ ನಲವತ್ತೈದು, ನಲವತ್ತಾರು ಬರುತ್ತಿತ್ತು. ಇಳುವರಿ ಭಾರೀ ಏರಿತು ಅಂತ ನಾನು ಹೇಳೋದಿಲ್ಲ. ಇಳಿಯಲಿಲ್ಲ, ಅಷ್ಟು ಸಾಕು. ಉಳಿದದ್ದು ಆಳಿನ ದುಡ್ಡು. ಮೊದಲು ಒಂದು ಸಲ ಕಳೆ ತೆಗೆಸೋಕೆ ಎಕರೆಗೆ ಹತ್ತು ಹೆಣ್ಣಾಳು, ನಾಲ್ಕು ಸಾವಿರ. ಈಗ ಎರಡು ಎರಡೂವರೆ ಗಂಟೆ ಓಟ, ಐದು ಲೀಟರ್ ಡೀಸೆಲ್, ಬುಡದ ಕಳೆಗೆ ಮೂರು ಆಳು. ಹದಿನಾರು ನೂರು, ಹದಿನೇಳು ನೂರಿಗೆ ಮುಗಿಯುತ್ತದೆ.

ಆದರೆ ಇಷ್ಟಕ್ಕೇ ಗಾಡಿ ಕೊಂಡರೆ ಲೆಕ್ಕ ಕೂಡೋದಿಲ್ಲ. ಗಾಡಿ, ಹಳೇ ರೋಟವೇಟರ್ ನಲವತ್ತೈದು ಸಾವಿರ, ರಿಪೇರಿ ಎಲ್ಲ ಸೇರಿ ನಾಲ್ಕೂಕಾಲು ಲಕ್ಷ ದಾಟಿದೆ. ನನ್ನ ಜಮೀನಿನಲ್ಲಿ ವರ್ಷಕ್ಕೆ ಉಳಿಯೋದು ಇಪ್ಪತ್ತು ಸಾವಿರವೂ ಕಷ್ಟ. ಕೈ ಹಿಡಿದದ್ದು ಬಾಡಿಗೆ. ದೊಡ್ಡ ಟ್ರ್ಯಾಕ್ಟರ್ ನುಗ್ಗದ ತೆಂಗು, ಅಡಿಕೆ, ಹಿಪ್ಪುನೇರಳೆ ತೋಟಗಳೇ ನನ್ನ ಗಿರಾಕಿಗಳು. ಗಂಟೆಗೆ ಏಳು ನೂರು. ಮೊದಲ ವರ್ಷ ಅರವತ್ತು ಗಂಟೆ ಆಗಿದ್ದರೆ ಹೆಚ್ಚು. ಎರಡನೇ ವರ್ಷ ಇನ್ನೂರು ದಾಟಿತು. ಡೀಸೆಲ್, ರಿಪೇರಿ ಕಳೆದು ಎಪ್ಪತ್ತೈದು, ಎಂಬತ್ತು ಸಾವಿರ ಕೈಯಲ್ಲಿ ಉಳಿಯಿತು. ನನ್ನ ಕೂಲಿ ಇದರಲ್ಲಿ ಹಿಡಿದಿಲ್ಲ.

ಈಗ ಕೊಳ್ಳುವುದಾಗಿದ್ದರೆ ಬಹುಶಃ ಹೊಸದನ್ನೇ ನೋಡುತ್ತಿದ್ದೆ. 2025ರ ಸೆಪ್ಟೆಂಬರ್‌ನಲ್ಲಿ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಹೊಸದಕ್ಕೂ ಹಳೇದಕ್ಕೂ ಅಂತರ ಅಷ್ಟು ಕಮ್ಮಿಯಾಯಿತು.

ನಡುವೆ ಪಿಟಿಒಗೆ ಬೆಲ್ಟ್ ಹಾಕಿ ತೆಂಗಿನ ಗರಿ ಪುಡಿ ಮಾಡುವ ಮೆಷಿನ್ ಓಡಿಸಿ ನೋಡಿದೆ. ಹಸಿ ಗರಿ ಓಡಿತು. ಒಣ ಮಟ್ಟೆ ಸಿಕ್ಕಿದ್ದೇ ಬೆಲ್ಟ್ ಹಾರಿ ಕೊಟ್ಟಿಗೆಯ ಹೆಂಚು ಒಡೆಯಿತು. ನಮ್ಮವಳು ಆ ಮೆಷಿನ್ನನ್ನು ಹಿತ್ತಲಿಗೆ ಸಾಗಿಸಿದ್ದಾಳೆ, ಕೋಳಿ ಮಲಗುತ್ತವೆ.

ಈಗ ಅದೇ ಗದ್ದೆಯಲ್ಲಿ ಕೂಳೆ (ಕೊಯ್ದ ಬುಡದಿಂದ ಚಿಗುರುವ ಕಬ್ಬು) ಎದ್ದಿದೆ. ಸೋಗೆ ಸುಟ್ಟಿಲ್ಲ, ಸಾಲು ಬಿಟ್ಟು ಸಾಲಿಗೆ ಎಳೆದು ಹಾಕಿದ್ದೇನೆ. ಅದು ರೋಟವೇಟರ್‌ಗೆ ಸುತ್ತಿಕೊಂಡು ಗಂಟೆಗೆ ಎರಡು ಸಲ ಇಳಿದು ಕುಡುಗೋಲಲ್ಲಿ ಕೊಯ್ಯಬೇಕಾಗಿದೆ. ಅದಕ್ಕಿನ್ನೂ ದಾರಿ ಸಿಕ್ಕಿಲ್ಲ. ಈ ಸಲದ ಕಟ್ಟು ನೀರು (ನಾಲೆಗೆ ಸರದಿ ಮೇಲೆ ಬಿಡುವ ನೀರು) ನಿಂತ ನಾಲ್ಕನೇ ದಿನಕ್ಕೆ ಇನ್ನೊಂದು ಸಲ ಇಳಿಸುತ್ತೇನೆ. ಅಷ್ಟರೊಳಗೆ ದೊಡ್ಡಪ್ಪನ ತೋಟ ಮುಗಿಸಬೇಕು, ಬೆಳಿಗ್ಗೆಯಿಂದ ಎರಡು ಸಲ ಫೋನ್ ಬಂದಿದೆ.