ಭಾಗಮಂಡಲದ ದಾರಿಗೆ ಫೋನ್ ಸಾಕೋ, ಬೇರೆ ಜಿಪಿಎಸ್ ಸಾಧನ ಬೇಕೋ?

ಪಾಣತ್ತೂರು, ಕರಿಕೆ ಮಾರ್ಗವಾಗಿ ಭಾಗಮಂಡಲಕ್ಕೆ ಕಾರಲ್ಲಿ ಹೋಗುವವರಿಗೆ ಫೋನೇ ಧಾರಾಳ. ಘಟ್ಟದಲ್ಲಿ ರೇಂಜ್ ಹೋದರೂ ಫೋನಿನೊಳಗಿನ ಜಿಪಿಎಸ್ ನಿಲ್ಲುವುದಿಲ್ಲ, ಅದು ಉಪಗ್ರಹದಿಂದ ನೇರ ಬರುವ ಸಿಗ್ನಲ್. ಕೈಕೊಡುವುದು ನಕ್ಷೆ, ಅದಕ್ಕೆ ಇಂಟರ್ನೆಟ್ ಬೇಕು. ಹಾಗಾಗಿ ಮನೆಯಲ್ಲೇ ಗೂಗಲ್ ಮ್ಯಾಪ್ಸ್ ತೆರೆದು, ಪ್ರೊಫೈಲ್ ಚಿತ್ರ ಒತ್ತಿ, ಆಫ್‌ಲೈನ್ ಮ್ಯಾಪ್ಸ್‌ನಲ್ಲಿ ಕಾಸರಗೋಡಿನಿಂದ ಮಡಿಕೇರಿವರೆಗಿನ ಭಾಗ ಇಳಿಸಿಕೊಳ್ಳಿ. ಹೊರಡುವ ಮುನ್ನ ಏರೋಪ್ಲೇನ್ ಮೋಡ್ ಹಾಕಿ ದಾರಿ ತೋರಿಸುತ್ತದೆಯೇ ನೋಡಿ. ಟ್ರಾಫಿಕ್ ಮಾತ್ರ ಕಾಣದು. ಗಾಜಿನ ಬಿಸಿಲಿಗೆ ಫೋನ್ ಕಾದು ಆಫ್ ಆಗುವುದುಂಟು, ಎಸಿ ಗಾಳಿ ತಾಗುವಲ್ಲಿ ಸಿಕ್ಕಿಸಿ.

ಬೈಕಿನವರ ಲೆಕ್ಕ ಬೇರೆ. ಹ್ಯಾಂಡಲಿನ ಅದುರಾಟಕ್ಕೆ ಫೋನಿನ ಕ್ಯಾಮೆರಾ ಕೆಡಬಹುದು; ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗಂತೂ ಟಚ್ ಸ್ಕ್ರೀನ್ ತನ್ನಷ್ಟಕ್ಕೇ ಒತ್ತಿಕೊಳ್ಳುತ್ತದೆ. ಅಂಥವರಿಗೆ ಬಟನ್ ಇರುವ, ನೀರು ತಡೆಯುತ್ತದೆ ಎನ್ನುವ ಐಪಿಎಕ್ಸ್7 ಗುರುತಿನ ಜಿಪಿಎಸ್ ಸಾಧನವೇ ಒಳ್ಳೆಯದು. ಎಎ ಸೆಲ್ ಹಾಕುವಂಥದ್ದಾದರೆ ಬ್ಯಾಗಲ್ಲಿ ಇನ್ನೆರಡು ಸೆಲ್ ಇರಲಿ.